ಸೈಟು ಕೇಳುವ ಮುಂಚೆ ಶಿರಾ ಗೊತ್ತಿರಲಿ

ಹೋದ ತಿಂಗಳು ಬೆಂಗಳೂರಿನಿಂದ ನಮ್ಮ ಭಾವ ಫೋನ್ ಮಾಡಿದರು. "ಶಿರಾದಲ್ಲಿ ಒಂದು ಸೈಟು ನೋಡಿದೀನಿ ಕಣೋ. ರೈಲು ಬರುತ್ತಂತೆ. ಏರ್‌ಪೋರ್ಟೂ ಬರಬಹುದಂತೆ. ಪೇಪರ್ ಕಳಿಸ್ತೀನಿ, ಒಂದ್ಸಲ ನೋಡು" ಅಂದರು.

ವಾಟ್ಸಾಪ್‌ನಲ್ಲಿ ಪೇಪರ್ ಬಂತು. ತಾಲ್ಲೂಕು ಶಿರಾ, ಹೋಬಳಿ ಕಸಬಾ, ಕೆಳಗೆ ಒಂದು ಹಳ್ಳಿಯ ಹೆಸರು, ಒಂದು ಸರ್ವೆ ನಂಬರು. ಬ್ರೋಕರ್ ಮಾತ್ರ "ನಗರಸಭೆ ಲಿಮಿಟ್ ಸಾರ್, ಟೌನಿಗೆ ಐದೇ ನಿಮಿಷ" ಅಂದಿದ್ದನಂತೆ. "ಹಾಗಾದರೆ ಇದು ನಗರಸಭೆಗೆ ಸೇರುತ್ತೋ, ಪಂಚಾಯ್ತಿಗೆ ಸೇರುತ್ತೋ?" ಅಂತ ಭಾವ ಕೇಳಿದರು. ಆಮೇಲೆ ಇನ್ನೊಂದು ಪ್ರಶ್ನೆ: "ಅಲ್ಲಾ, ಶಿರಾ ಅಂದ್ರೆ ಹೈವೇಲಿ ಟೀ ಕುಡಿಯೋ ಜಾಗ. ಅಲ್ಲಿ ಊರು ಅಂತ ಏನಿದೆ?"

ಮೊದಲನೇ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಎರಡನೆಯದಕ್ಕೆ ಆಗಲಿಲ್ಲ. ಭಾವನ ಹಾಗೆ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ 191 ಕಿ.ಮೀ. ಹೊಸ ರೈಲು ಮಾರ್ಗದ ಕೆಲಸ ನಡೆಯುತ್ತಿದೆ, ಅದು ಶಿರಾ ಮೇಲೇ ಹೋಗುತ್ತದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ನಮ್ಮ ಕಡೆಗೇ ಬರಲಿ ಅಂತ ಇಲ್ಲಿಯವರ ಒತ್ತಾಯ ಬೇರೆ ಇದೆ. ಜೊತೆಗೆ ಇ-ಖಾತೆ, ಬಿ-ಖಾತೆ ಗಲಾಟೆ. ಹಾಗಾಗಿ ಬುಡದಿಂದ ಶುರುಮಾಡೋಣ.

ಒಂದೇ ಹೆಸರು, ನಾಲ್ಕು ಶಿರಾ

ನಮ್ಮ ಸೀಮೆಯಲ್ಲಿ ತಾತನಿಗೂ ರಂಗಪ್ಪ, ಮೊಮ್ಮಗನಿಗೂ ರಂಗಪ್ಪ ಅಂತ ಹೆಸರಿಡುವುದುಂಟು. ಹೊರಗಿನವರು ಬಂದು "ರಂಗಪ್ಪ ಇದಾರಾ?" ಅಂದರೆ "ಯಾವ ರಂಗಪ್ಪ?" ಅಂತ ಕೇಳಬೇಕಾಗುತ್ತದೆ. ಶಿರಾ ಕಥೆಯೂ ಅದೇ.

ಶಿರಾ ತಾಲ್ಲೂಕು ಅಂದರೆ ದೊಡ್ಡ ಪ್ರದೇಶ. ಕಸಬಾ, ಕಳ್ಳಂಬೆಳ್ಳ, ಬುಕ್ಕಾಪಟ್ಟಣ, ಹುಲಿಕುಂಟೆ, ಗೌಡಗೆರೆ ಅಂತ ಐದು ಹೋಬಳಿ, ಅವುಗಳ ಒಳಗೆ ನೂರಾರು ಹಳ್ಳಿ. ಇದಕ್ಕೆ ತಹಶೀಲ್ದಾರರು ಮುಖ್ಯಸ್ಥರು. ಎರಡನೆಯದು ಶಿರಾದ ಕಸಬಾ ಹೋಬಳಿ. ಹೋಬಳಿ ಅಂದರೆ ಕಂದಾಯ ವಸೂಲಿಗೆ, ದಾಖಲೆಗೆ ಅನುಕೂಲವಾಗಲಿ ಅಂತ ಹಳ್ಳಿಗಳನ್ನು ಕಟ್ಟಿದ ಕಂತೆ. ತಾಲ್ಲೂಕು ಕೇಂದ್ರ ಇರುವ ಹೋಬಳಿಗೆ ಕಸಬಾ ಅನ್ನುತ್ತಾರೆ, ಅದರಲ್ಲಿ ಪೇಟೆಯೂ ಇರುತ್ತದೆ, ಸುತ್ತಲಿನ ಹಳ್ಳಿಗಳೂ ಇರುತ್ತವೆ. ಮೂರನೆಯದು ವಿಧಾನಸಭಾ ಕ್ಷೇತ್ರ. ಅದಕ್ಕೂ ಸೈಟಿಗೂ ಸಂಬಂಧ ಇಲ್ಲ, ಎಂಎಲ್‌ಎ ಯಾರು ಅನ್ನುವುದಕ್ಕೆ ಮಾತ್ರ. ನಾಲ್ಕನೆಯದು ಶಿರಾ ನಗರ, ಅಂದರೆ ನಗರಸಭೆಯ ಗಡಿಯೊಳಗಿನ ಊರು.

ಭಾವನ ಪೇಪರಿನಲ್ಲಿ ಇದ್ದದ್ದು ತಾಲ್ಲೂಕೂ ಶಿರಾ, ಹೋಬಳಿಯೂ ಶಿರಾದ್ದೇ. ಆದರೆ ನಾಲ್ಕನೇ ಶಿರಾ ಅದರಲ್ಲಿ ಇರಲಿಲ್ಲ. ಬ್ರೋಕರ್ ಹೇಳಿದ ಐದು ನಿಮಿಷ ಬೈಕಿನ ಲೆಕ್ಕ. ನಗರಸಭೆಯ ಗಡಿ ಬೈಕಿನ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಪಕ್ಕದ ಹಳ್ಳಿಯನ್ನು ನಗರಕ್ಕೆ ಸೇರಿಸಬೇಕಾದರೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಅಲ್ಲಿಯ ತನಕ ಅದು ಗ್ರಾಮ ಪಂಚಾಯ್ತಿಯೇ.

ನಗರಸಭೆ ಅಂದರೆ ಯಾವುದು?

ಕರ್ನಾಟಕದಲ್ಲಿ ಪೇಟೆಗಳನ್ನು 1964ರ ಪುರಸಭೆಗಳ ಕಾಯ್ದೆ ಜನಸಂಖ್ಯೆಯ ಮೇಲೆ ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. 10 ಸಾವಿರದಿಂದ 20 ಸಾವಿರ ಜನ ಇದ್ದರೆ ಪಟ್ಟಣ ಪಂಚಾಯ್ತಿ. 20ರಿಂದ 50 ಸಾವಿರಕ್ಕೆ ಪುರಸಭೆ. 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. ಅದರ ಮೇಲೆ ಮಹಾನಗರ ಪಾಲಿಕೆ, ತುಮಕೂರಿನಲ್ಲಿ ಇರುವ ಹಾಗೆ. ಬರೀ ತಲೆ ಎಣಿಸಿದರೆ ಸಾಲದು, ಜನ ಎಷ್ಟು ಒತ್ತಾಗಿ ವಾಸ ಮಾಡುತ್ತಾರೆ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರು ಅರ್ಧದಷ್ಟಾದರೂ ಇದ್ದಾರಾ, ಊರಿಗೆ ಸ್ವಂತ ಆದಾಯ ಇದೆಯಾ ಅನ್ನುವುದನ್ನೂ ನೋಡುತ್ತಾರೆ.

2011ರ ಜನಗಣತಿಯಲ್ಲಿ ಶಿರಾ ಪೇಟೆಯ ಜನಸಂಖ್ಯೆ 57 ಸಾವಿರದ ಆಸುಪಾಸು. ಹಾಗಾಗಿ ಪುರಸಭೆ ಮೆಟ್ಟಿಲು ದಾಟಿ ನಗರಸಭೆ ಆಯಿತು. "ಅಷ್ಟು ಹಳೇ ಲೆಕ್ಕ ಯಾಕೆ?" ಅಂದರೆ, ಅದಾದ ಮೇಲೆ ದೇಶದಲ್ಲಿ ಜನಗಣತಿ ಮುಗಿದಿಲ್ಲ. 2021ರಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಗಿ, ಈಗ 2027ರ ಮಾರ್ಚ್ 1ಕ್ಕೆ ನಿಗದಿಯಾಗಿದೆ.

ನಗರಸಭೆಯಲ್ಲಿ ಎರಡು ಕುರ್ಚಿ ಮುಖ್ಯ. ಒಂದು ಅಧ್ಯಕ್ಷರದ್ದು. ವಾರ್ಡುಗಳಿಂದ ಗೆದ್ದು ಬಂದ ಸದಸ್ಯರು ತಮ್ಮಲ್ಲೇ ಒಬ್ಬರನ್ನು ಆರಿಸುತ್ತಾರೆ, ಅವಧಿ ಎರಡೂವರೆ ವರ್ಷ. ಇನ್ನೊಂದು ಪೌರಾಯುಕ್ತರದ್ದು. ಅವರು ಸರ್ಕಾರ ಕಳಿಸುವ ಅಧಿಕಾರಿ. ಪುರಸಭೆಯಲ್ಲಾದರೆ ಈ ಕುರ್ಚಿಗೆ ಮುಖ್ಯಾಧಿಕಾರಿ ಅನ್ನುತ್ತಾರೆ. ಯಾವ ರಸ್ತೆಗೆ ಮೊದಲು ಕಾಂಕ್ರೀಟ್ ಅನ್ನುವುದನ್ನು ಸಭೆ ತೀರ್ಮಾನಿಸಬೇಕು, ಬಿಲ್ಲಿಗೆ ಸಹಿ ಪೌರಾಯುಕ್ತರು ಹಾಕಬೇಕು. ಚುನಾವಣೆ ತಡವಾಗಿ ಸದಸ್ಯರೇ ಇಲ್ಲದ ಹೊತ್ತಿನಲ್ಲಿ ಆಡಳಿತಾಧಿಕಾರಿಯ ಕೈಗೆ ಎಲ್ಲಾ ಹೋಗುತ್ತದೆ. ಆಗ ಚರಂಡಿ ಕಟ್ಟಿಕೊಂಡರೆ ಹೇಳುವುದಕ್ಕೆ ವಾರ್ಡ್ ಮೆಂಬರ್ ಅಂತ ಯಾರೂ ಇರುವುದಿಲ್ಲ.

ನಗರಸಭೆಗೆ ಸೇರಿದ್ದು ಯಾವುದು, ಸೇರದ್ದು ಯಾವುದು ಅನ್ನುವುದರಲ್ಲಿ ಜನ ತುಂಬಾ ಅಲೆಯುತ್ತಾರೆ. ನಾನು ಹೇಳುವ ಸುಲಭದ ಗುರುತು ಇದು: ಎಕರೆ, ಗುಂಟೆ ಲೆಕ್ಕದ್ದು ಆದರೆ ತಾಲ್ಲೂಕು ಕಚೇರಿ. ಅಡಿ ಲೆಕ್ಕದ್ದು, ಮೂವತ್ತು ನಲವತ್ತು ಅನ್ನುವಂಥದ್ದು ಆದರೆ ನಗರಸಭೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯ್ತಿ. ಪಹಣಿ ತಾಲ್ಲೂಕು ಕಚೇರಿಯದ್ದು, ಖಾತೆ ನಗರಸಭೆಯದ್ದು. ನಲ್ಲಿ ನೀರು, ಚರಂಡಿ, ಕಸ, ಬೀದಿದೀಪ, ಅಂಗಡಿ ಲೈಸೆನ್ಸು, ಮನೆ ಕಟ್ಟಲು ಅನುಮತಿ, ಸ್ಮಶಾನ ಎಲ್ಲವೂ ನಗರಸಭೆಯವು. ಕರೆಂಟು ಹೋದರೆ ಬೆಸ್ಕಾಂ. ರೇಷನ್ ಕಾರ್ಡಿಗೆ ಆಹಾರ ಇಲಾಖೆ. ಬೀದಿದೀಪದ ಬಲ್ಬು ನಗರಸಭೆಯದ್ದು, ಅದರೊಳಗೆ ಬರುವ ಕರೆಂಟು ಬೆಸ್ಕಾಂನದ್ದು. ಹಾಗಾಗಿ ದೀಪ ಉರಿಯದೇ ಇದ್ದರೆ ಎರಡೂ ಕಡೆ ಒಂದೊಂದು ಸಲ ಬೈಸಿಕೊಳ್ಳುವುದು ವಾಡಿಕೆ.

ಹಣ ಎಲ್ಲಿಂದ? ಆಸ್ತಿ ತೆರಿಗೆ, ನೀರಿನ ಕಂದಾಯ, ನಗರಸಭೆ ಮಳಿಗೆಗಳ ಬಾಡಿಗೆ, ಲೈಸೆನ್ಸ್ ಶುಲ್ಕ ಇವು ಸ್ವಂತ ದುಡಿಮೆ. ಉಳಿದದ್ದು ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ. ಸಣ್ಣ ಸಂಬಳದ ಮಗನಿಗೆ ಊರಿನಿಂದ ಅಪ್ಪ ಅಕ್ಕಿ, ರಾಗಿ ಕಳಿಸಿದ ಹಾಗೆ. ಅಪ್ಪ ಕಳಿಸದ ತಿಂಗಳು ಮಗನ ಮನೆ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಲ್ವಾ?

ಬೆಂಗಳೂರಿಗಿಂತ ದೊಡ್ಡ ಹೆಸರಿದ್ದ ಕಾಲ

"ಊರು ಅಂತ ಏನಿದೆ" ಅಂದರಲ್ಲ ಭಾವ, ಅದಕ್ಕೆ ಬರೋಣ.

ಶಿರಾ ಕೋಟೆಗೆ ಕೈ ಹಾಕಿದ್ದು ರತ್ನಗಿರಿಯ ಪಾಳೇಗಾರ ರಂಗಪ್ಪ ನಾಯಕ. ಕೋಟೆ ಮುಗಿಯುವ ಮೊದಲೇ, 1638ರಲ್ಲಿ ಬಿಜಾಪುರದ ಆದಿಲ್‌ಶಾಹಿ ಸೇನಾನಿ ರಣದುಲ್ಲಾ ಖಾನ್ ಊರನ್ನು ಹಿಡಿದ. ಉಳಿದ ಕೋಟೆಯನ್ನು ಬಿಜಾಪುರದವರ ಅಧಿಕಾರಿ ಮಲಿಕ್ ಹುಸೇನ್ ಮುಗಿಸಿದ. ಆ ಕಾಲದ ಇನ್ನೊಬ್ಬ ಅಧಿಕಾರಿ ಮಲಿಕ್ ರಿಹಾನ್. ಅವನ ಗೋರಿ 1651ರದ್ದು, ಈಗಲೂ ಊರಿನಲ್ಲಿದೆ. ಜನ ಹರಕೆ ಹೊತ್ತು ಹೋಗುವ ದರ್ಗಾ ಅದು.

1687ರಲ್ಲಿ ಬಿಜಾಪುರದ ಜಾಗಕ್ಕೆ ಮೊಘಲರು ಬಂದರು. ತುಂಗಭದ್ರೆಯ ದಕ್ಷಿಣದ ತಮ್ಮ ಸೀಮೆಗೆ ಒಂದು ಸುಬಾ ಮಾಡಿ, ಅದಕ್ಕೆ ಶಿರಾವನ್ನು ರಾಜಧಾನಿ ಮಾಡಿದರು. ಸುಬಾ ಅಂದರೆ ಈಗಿನ ಲೆಕ್ಕದಲ್ಲಿ ಒಂದು ಪ್ರಾಂತ್ಯ, ಪರಗಣ ಅಂದರೆ ಅದರ ಒಳಗಿನ ಜಿಲ್ಲೆ. ಶಿರಾ ಸುಬಾದಲ್ಲಿ ಏಳು ಪರಗಣ ಇದ್ದವು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಇದಲ್ಲದೆ ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಮೈಸೂರು ಇವನ್ನೂ ತಮಗೆ ಕಪ್ಪ ಕೊಡುವ ಸಂಸ್ಥಾನಗಳು ಅಂತ ಲೆಕ್ಕ ಹಿಡಿದಿದ್ದರು. ಅಂದರೆ ಕೋಲಾರದವರು ಒಂದು ಕಾಲದಲ್ಲಿ ಶಿರಾ ಕಡೆ ನೋಡುತ್ತಿದ್ದರು. ಈಗ ಶಿರಾದವರು ಯಾವ ಕಾಗದಕ್ಕೂ ತುಮಕೂರಿಗೆ ಓಡುತ್ತೇವೆ.

ಈ ಸುಬಾದ ಮೊದಲ ಅಧಿಕಾರಿ ಖಾಸಿಂ ಖಾನ್. ಬೆಂಗಳೂರಿನವರಿಗೆ ಇವನ ಹೆಸರು ಗೊತ್ತಿರಬೇಕು. 1687ರಲ್ಲಿ ಬೆಂಗಳೂರನ್ನು ಹಿಡಿದದ್ದು ಇವನ ಸೈನ್ಯವೇ. ಆಮೇಲೆ ಮೊಘಲರು ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟರು. ಭಾವನಿಗೆ ಇದನ್ನು ಹೇಳಿದಾಗ "ಮೂರು ಲಕ್ಷಕ್ಕೆ ಈಗ ಒಂದು ಕಾರ್ ಪಾರ್ಕಿಂಗೂ ಬರಲ್ಲ" ಅಂತ ನಕ್ಕರು.

ಊರಿನಲ್ಲಿರುವ ಕಲ್ಲಿನ ಜುಮ್ಮಾ ಮಸೀದಿ 1696ರದ್ದು. ಆದರೆ ಶಿರಾ ಉಚ್ಛ್ರಾಯ ಕಂಡದ್ದು ದಿಲಾವರ್ ಖಾನನ ಕಾಲದಲ್ಲಿ, 1726ರಿಂದ 1756ರವರೆಗೆ. ಆಗ ಊರಿನಲ್ಲಿ 50 ಸಾವಿರ ಮನೆ ಇದ್ದವು ಅನ್ನುವ ಮಾತಿದೆ. ಅದರಲ್ಲಿ ಒಂದಷ್ಟು ಉತ್ಪ್ರೇಕ್ಷೆ ಇದ್ದರೂ ಇರಲಿ, ಅವನ ಅರಮನೆಯನ್ನು ನೋಡಿಯೇ ಬೆಂಗಳೂರಿನ, ಶ್ರೀರಂಗಪಟ್ಟಣದ ಅರಮನೆಗಳನ್ನು ಕಟ್ಟಿದರು ಅನ್ನುತ್ತಾರೆ. ಶಿರಾದಲ್ಲಿ ಖಾನ್ ಬಾಗ್ ಅಂತ ಒಂದು ತೋಟ ಇತ್ತು. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರುಮಾಡಿದಾಗ ಅವನ ಕಣ್ಣ ಮುಂದೆ ಇದ್ದದ್ದು ಶಿರಾದ ಈ ಮೊಘಲ್ ತೋಟ. ಪ್ರತಿ ಆಗಸ್ಟಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಕ್ಯೂ ನಿಲ್ಲುತ್ತೀರಲ್ಲ, ಆ ತೋಟದ ಅಣ್ಣ ಇಲ್ಲಿದ್ದ. ಈಗ ಇಲ್ಲ.

ಹೈದರನಿಗೂ ಶಿರಾಕ್ಕೂ ಇನ್ನೊಂದು ನಂಟು ಇದೆ, ಸ್ವಲ್ಪ ತಮಾಷೆಯದು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಅವನಿಗೆ "ಶಿರಾದ ನವಾಬ" ಅನ್ನುವ ಪದವಿ ಕೊಟ್ಟ, ಅದೂ ಹಣ ತಗೊಂಡು. ಆ ಹೊತ್ತಿಗೆ ಶಿರಾ ಇದ್ದದ್ದು ಮರಾಠರ ಕೈಯಲ್ಲಿ! ಪೇಪರ್ ಮೊದಲು, ಜಾಗ ಆಮೇಲೆ. ಆದರೂ ಹೈದರ್ ಅದೇ ವರ್ಷ ಹೋಗಿ ಊರನ್ನು ವಶ ಮಾಡಿಕೊಂಡ. ನವಾಬ್ ಹೈದರ್ ಅಲಿ ಖಾನ್ ಬಹಾದ್ದೂರ್ ಅನ್ನುವ ಹೆಸರಿನಲ್ಲಿರುವ ನವಾಬ ಪದವಿ ಶಿರಾದ್ದು. 1766ರಲ್ಲಿ ಮರಾಠರು ಮತ್ತೆ ಕಿತ್ತುಕೊಂಡರು. 1774ರಲ್ಲಿ ಟಿಪ್ಪು ಹೋಗಿ ಹಿಂದಕ್ಕೆ ತಂದ.

ಇಷ್ಟು ದೊಡ್ಡ ಊರು ಹೇಗೆ ಸಣ್ಣದಾಯಿತು? ಒಂದು ಕಾರಣ ಈ ಎಳೆದಾಟ. ದಾರಿಯ ಮೇಲಿರುವ ಬಯಲೂರು, ಉತ್ತರದಿಂದ ಬರುವ ಯಾವ ಕುದುರೆ ಸೈನ್ಯಕ್ಕೂ ಅಡ್ಡಿಯಿಲ್ಲ. ಇನ್ನೊಂದು ಕಾರಣ ಟಿಪ್ಪುವಿನ ತೀರ್ಮಾನ. ಶ್ರೀರಂಗಪಟ್ಟಣದ ಪಕ್ಕ ಶಹರ್ ಗಂಜಾಂ ಅನ್ನುವ ಹೊಸ ಪೇಟೆ ಕಟ್ಟಿದಾಗ ಅದನ್ನು ತುಂಬುವುದಕ್ಕೆ ಶಿರಾದಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ಕಳಿಸಿದ ಅಂತ ಹಳೇ ಗೆಜೆಟಿಯರ್ ಹೇಳುತ್ತದೆ. ವ್ಯಾಪಾರಿ, ನೇಕಾರ, ಕಸುಬುದಾರ ಎಲ್ಲಾ ಹೋದ ಮೇಲೆ ಪೇಟೆಯಲ್ಲಿ ಉಳಿಯುವುದೇನು? ನಿಮಿಷಾಂಬ ದೇವಸ್ಥಾನಕ್ಕೆ ಅಂತ ಗಂಜಾಂಗೆ ಹೋದಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಅಲ್ಲಿಯ ಯಾವುದೋ ಓಣಿಯಲ್ಲಿ ನಮ್ಮೂರಿನವರ ಮೊಮ್ಮಕ್ಕಳು ಇರಲೇಬೇಕು.

ಕೊನೆಯ ಪಂಕ್ತಿಯ ಮಳೆ

ಶಿರಾ ಇರುವುದು ಬೆಂಗಳೂರಿನಿಂದ ಸುಮಾರು 120 ಕಿ.ಮೀ. ದೂರದಲ್ಲಿ, ತುಮಕೂರು ಜಿಲ್ಲೆಯ ಉತ್ತರದಲ್ಲಿ. ಆಚೆಗೆ ಹಿರಿಯೂರು, ಪೂರ್ವಕ್ಕೆ ಮಧುಗಿರಿ, ಆಂಧ್ರದ ಮಡಕಶಿರಾ. ಎರಡು ದೊಡ್ಡ ರಸ್ತೆ ಇಲ್ಲಿ ಕೂಡುತ್ತವೆ. ಒಂದು ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ ಕಡೆಗೆ ಹೋಗುವ ಹೆದ್ದಾರಿ, ಈಗಿನ ನಂಬರು 48, ಹಳಬರ ಬಾಯಲ್ಲಿ ಇನ್ನೂ ಎನ್‌ಎಚ್ ನಾಲ್ಕು. ಇನ್ನೊಂದು ಹುಳಿಯಾರು, ಬುಕ್ಕಾಪಟ್ಟಣದ ಕಡೆಯಿಂದ ಬಂದು ಮಧುಗಿರಿ, ಗೌರಿಬಿದನೂರಿಗೆ ಹೋಗುವುದು. ಮೊದಲನೆಯದು ಚತುಷ್ಪಥ ಆದ ಮೇಲೆ ಲಾರಿ, ಬಸ್ಸು ಪೇಟೆಯ ಒಳಗೆ ಬರುವುದು ಕಮ್ಮಿಯಾಯಿತು. ಭಾವ ಟೀ ಕುಡಿದ ಶಿರಾ ಅದು, ರಸ್ತೆ ಬದಿಯದು.

ಮಳೆಯ ವಿಷಯ ಹೀಗಿದೆ. ಮದುವೆ ಊಟದಲ್ಲಿ ಮೊದಲ ಪಂಕ್ತಿಗೆ ಪಾಯಸ ಸೌಟುಗಟ್ಟಲೆ ಸುರಿಯುತ್ತಾರೆ. ಕೊನೆಯ ಪಂಕ್ತಿಗೆ ಬರುವ ಹೊತ್ತಿಗೆ ಪಾತ್ರೆ ಕೆರೆಯುವ ಸದ್ದು ಮಾತ್ರ. ಮುಂಗಾರು ಮೋಡಕ್ಕೆ ಮೊದಲ ಪಂಕ್ತಿ ಕರಾವಳಿ, ಮಲೆನಾಡು. ಘಟ್ಟ ಹತ್ತುವಾಗಲೇ ಮೋಡ ತನ್ನ ನೀರನ್ನು ಅಲ್ಲಿ ಸುರಿದುಬಿಡುತ್ತದೆ. ಘಟ್ಟದ ಈಚೆಗೆ ಇರುವ ಚಿತ್ರದುರ್ಗ, ಹಿರಿಯೂರು, ಶಿರಾ, ಪಾವಗಡ ಇವೆಲ್ಲ ಕೊನೆಯ ಪಂಕ್ತಿ. ಇದಕ್ಕೆ ಮಳೆ ನೆರಳಿನ ಪ್ರದೇಶ ಅನ್ನುತ್ತಾರೆ. ನಮಗೆ ಏನಾದರೂ ಗಟ್ಟಿ ಮಳೆ ಅಂತ ಆದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ.

ಅದಕ್ಕೇ ಇಲ್ಲಿ ಮಳೆ ನಂಬಿದವರ ಬೆಳೆ ಕಳ್ಳೇಕಾಯಿ, ರಾಗಿ, ತೊಗರಿ. ಪುಸ್ತಕದಲ್ಲಿ ಕಡಲೇಕಾಯಿ ಅಂತಿರುತ್ತದೆ, ಬಾಯಲ್ಲಿ ಕಳ್ಳೇಕಾಯಿ. ಬದುವಿನ ಮೇಲೆ ಹುಣಸೆ ಮರ. ಕೊಳವೆಬಾವಿಯಲ್ಲಿ ನೀರು ಬಿದ್ದವರು ಅಡಿಕೆ, ತೆಂಗು, ದಾಳಿಂಬೆ ಅಂತ ಹೋಗಿದ್ದಾರೆ.

ನೆಲ ಎಷ್ಟು ಒಣ ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಬುಕ್ಕಾಪಟ್ಟಣದ ಕಾಡು ನೋಡಿ. ಅಲ್ಲಿ ಚಿಂಕಾರ ಇದೆ. ರಾಜಸ್ಥಾನದ ಮರಳುಗಾಡಿನಲ್ಲೂ ಬದುಕುವ, ದಿನಗಟ್ಟಲೆ ನೀರು ಕುಡಿಯದೆ ಇರಬಲ್ಲ ಸಣ್ಣ ಜಿಂಕೆ ಅದು. 2019ರಲ್ಲಿ ಆ ಕಾಡನ್ನು ಚಿಂಕಾರ ವನ್ಯಜೀವಿಧಾಮ ಅಂತ ಘೋಷಿಸಿದರು. ತಮಾಷೆ ಅಂದರೆ ಅದೇ ತಾಲ್ಲೂಕಿನ ಕಗ್ಗಲಡುವಿನಲ್ಲಿ ನೀರಿನ ಹಕ್ಕಿಗಳು ಸಂಸಾರ ಹೂಡುತ್ತವೆ. ಬಣ್ಣದ ಕೊಕ್ಕರೆ, ಬೂದು ಬಕ. ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ. ಹಿಕ್ಕೆ ಬಿದ್ದು ಅಂಗಳ ಬೆಳ್ಳಗಾದರೂ ಊರವರು ಓಡಿಸುವುದಿಲ್ಲ. ಕೆರೆಯಲ್ಲಿ ನೀರು ಇಲ್ಲದ ವರ್ಷ ಹಕ್ಕಿಗಳೂ ಕಮ್ಮಿ.

ಹೇಮಾವತಿ ಇಲ್ಲಿಗೆ ಹೇಗೆ ಬಂದಳು?

ಬಿದ್ದ ಮಳೆ ಎತ್ತ ಹರಿಯುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ತುಮಕೂರು ಜಿಲ್ಲೆ ಒಂದು ಮನೆಯ ಸೂರಿನ ಹಾಗೆ, ಮೂರು ಕಡೆಗೆ ಇಳಿಜಾರು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತಾಳೆ. ಅದೇ ಬೆಟ್ಟದ ಜಯಮಂಗಲಿ ಪೂರ್ವೋತ್ತರಕ್ಕೆ ಹೋಗಿ ಪೆನ್ನಾರ್ ಸೇರುತ್ತಾಳೆ. ಶಿರಾ ಸೀಮೆಯ ನೀರು ಉತ್ತರಕ್ಕೆ ವೇದಾವತಿಗೆ, ಅಲ್ಲಿಂದ ತುಂಗಭದ್ರೆ, ಕೊನೆಗೆ ಕೃಷ್ಣೆ. ಅಂದರೆ ಶಿರಾ ಕೃಷ್ಣಾ ಕೊಳ್ಳದ ಊರು.

ಆದರೆ ನಲ್ಲಿಯಲ್ಲಿ ಬರುವ ನೀರು ಕಾವೇರಿ ಕೊಳ್ಳದ್ದು! ಹಾಸನದ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಇದೆ, ಹಿಡಿಸುವುದು 37.1 ಟಿಎಂಸಿ. ಅಲ್ಲಿಂದ ತುಮಕೂರು ನಾಲೆ ಬರುತ್ತದೆ. ಅದರ ನೀರು ಕಳ್ಳಂಬೆಳ್ಳ ಕೆರೆಗೆ, ಅಲ್ಲಿಂದ ಶಿರಾ ಕೆರೆಗೆ. ಅದರ ಮುಂದೆ ಮದಲೂರು ಕೆರೆ. 2020ರ ನವೆಂಬರ್‌ನಲ್ಲಿ ಶಿರಾ ಉಪಚುನಾವಣೆ ನಡೆದಾಗ ಎಲ್ಲಾ ಟಿವಿಯಲ್ಲೂ ಮದಲೂರು ಕೆರೆ, ಮದಲೂರು ಕೆರೆ ಅಂತ ಕೇಳಿದಿರಲ್ಲ, ಅದು ಇದೇ. ಆ ಕೆರೆಗೆ ಹೇಮಾವತಿ ನೀರು ಬರುತ್ತೋ ಇಲ್ಲವೋ ಅನ್ನುವುದೇ ಆ ಚುನಾವಣೆಯ ದೊಡ್ಡ ವಿಷಯ ಆಗಿತ್ತು. ಭದ್ರಾ ಮೇಲ್ದಂಡೆ ಯೋಜನೆ ಪೂರ್ತಿಯಾದರೆ ಭದ್ರೆಯ ನೀರೂ ತಾಲ್ಲೂಕಿನ ಕೆಲವು ಕೆರೆಗೆ ಬರಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಘೋಷಣೆ ಆದದ್ದು ಅದಕ್ಕೇ.

ಟಿಎಂಸಿ ಅನ್ನುವ ಮಾತು ಪೇಪರಿನಲ್ಲಿ ದಿನಾ ಬರುತ್ತದೆ, ಎಷ್ಟು ಅಂತ ಅಂದಾಜು ಸಿಗುವುದಿಲ್ಲ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಬೀದಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ತಗೊಂಡರೆ 23 ಲಕ್ಷಕ್ಕೂ ಜಾಸ್ತಿ ಟ್ಯಾಂಕರ್. ಈಗ ಶಿರಾದ ಲೆಕ್ಕ ಹಾಕೋಣ. ಊರಲ್ಲಿ 60 ಸಾವಿರ ಜನ ಅಂದುಕೊಳ್ಳಿ. ನಗರಗಳಿಗೆ ಅಂತ ಹಿಡಿಯುವ ಅಳತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ದಿನಕ್ಕೆ 81 ಲಕ್ಷ ಲೀಟರ್ ಆಯಿತು, ವರ್ಷಕ್ಕೆ ಹತ್ತಿರ ಹತ್ತಿರ 296 ಕೋಟಿ. ಅಂದರೆ ಒಂದು ಟಿಎಂಸಿಯ ಹತ್ತನೇ ಒಂದು ಪಾಲು.

ಅಷ್ಟೇನಾ ಅನ್ನಿಸುತ್ತೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ಹತ್ತನೇ ಪಾಲು ನಲ್ಲಿಯಲ್ಲಿ ಬರಬೇಕಾದರೆ ಕೆರೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಇರಬೇಕು. ನಾಲೆಯ ಉದ್ದಕ್ಕೂ ನೀರು ಇಂಗುತ್ತದೆ. ದಾರಿಯಲ್ಲಿ ಇರುವ ತಾಲ್ಲೂಕುಗಳಿಗೂ ಪಾಲು ಇದೆ. ನಾಲೆಗೆ ನೀರು ಬಿಡುವುದು ವರ್ಷದಲ್ಲಿ ಕೆಲವೇ ತಿಂಗಳು, ಉಳಿದ ತಿಂಗಳಿಗೆ ಕೆರೆಯೇ ಗಡಿಗೆ. ಬೇಸಿಗೆಯಲ್ಲಿ ಆ ಗಡಿಗೆಯಿಂದ ಬಿಸಿಲು ಕುಡಿಯುವುದು ಸಣ್ಣ ಲೆಕ್ಕ ಅಲ್ಲ. ನಾಲೆಯ ವಿಷಯದಲ್ಲೂ ನಾವು ಕೊನೆಯ ಪಂಕ್ತಿಯೇ.

ಕೆರೆಯಿಂದ ಮನೆಗೆ ಬರುವ ಕೊನೆಯ ತುಂಡು ದಾರಿ ನಗರಸಭೆಯದ್ದು. ಅದನ್ನು ಹತ್ತಿರದಿಂದ ನೋಡಬೇಕಾದರೆ ಬೆಳಗಿನ ಜಾವ ಎದ್ದಿರಬೇಕು. ನೀರು ಬಿಡುವವನು ಮೊಪೆಡ್‌ನಲ್ಲಿ ಬರುತ್ತಾನೆ, ಹಿಂದೆ ಉದ್ದದ ಕಬ್ಬಿಣದ ಕೀಲಿ. ರಸ್ತೆ ಮಧ್ಯದ ಸಣ್ಣ ಗುಂಡಿಯ ಮುಚ್ಚಳ ತೆಗೆದು, ಆ ಕೀಲಿಯನ್ನು ಇಳಿಸಿ, ಎರಡು ಕೈಯಲ್ಲಿ ತಿರುಪುತ್ತಾನೆ. ನಲ್ಲಿಯಲ್ಲಿ ಮೊದಲು ಸೊಂಯ್ ಅಂತ ಗಾಳಿ. ಆಮೇಲೆ ಕೆಂಪು ನೀರು, ಅದನ್ನು ಅಂಗಳಕ್ಕೆ ಬಿಡಬೇಕು. ಎರಡು ಕೊಡ ಆದ ಮೇಲೆ ತಿಳಿ ನೀರು. ಆಗ ಬೀದಿಯಲ್ಲಿ ನೀಲಿ ಡ್ರಮ್ಮುಗಳ ಸದ್ದು ಶುರು. ಎತ್ತರದ ಮನೆಯವರು ನಲ್ಲಿಗೇ ಮೋಟರ್ ಹಚ್ಚುತ್ತಾರೆ, ಹಾಗೆ ಮಾಡಬಾರದು ಅಂತ ನಿಯಮ ಇದೆ. ಅವರು ಹಚ್ಚಿದ ತಕ್ಷಣ ಮುಂದಿನ ಮನೆಯ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗಾಗುತ್ತದೆ. "ಅಣ್ಣಾ, ಇನ್ನೊಂದ್ ಅರ್ಧ ಗಂಟೆ ಬಿಡಣ್ಣಾ" ಅನ್ನುವ ಕೂಗು. ಅವನು ಮೊಬೈಲಿನಲ್ಲಿ ಹೊತ್ತು ನೋಡಿ ತಲೆ ಆಡಿಸುತ್ತಾನೆ. ಅದು ಹೂಂ ಅಂತಲೋ, ಊಹೂಂ ಅಂತಲೋ ಯಾರಿಗೂ ಗೊತ್ತಾಗುವುದಿಲ್ಲ.

ಯಾರ ಊರು ಇದು?

ಪೇಟೆಯೊಳಗೆ ನಡೆದರೆ ಒಂದು ಅಂಗಡಿಯಲ್ಲಿ ಕನ್ನಡ, ಪಕ್ಕದಲ್ಲಿ ಉರ್ದು, ಮಡಕಶಿರಾ ಕಡೆಯಿಂದ ಬಂದವರ ಬಾಯಲ್ಲಿ ತೆಲುಗು. ಎಷ್ಟೋ ಜನ ಒಂದೇ ಚೌಕಾಸಿಯಲ್ಲಿ ಮೂರೂ ಆಡುತ್ತಾರೆ. ಮೊಹರಂ ಅನ್ನು ನಮ್ಮ ಕಡೆ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ ಅನ್ನುತ್ತಾರೆ. ಸಾಬರ ಮನೆ ಒಂದೂ ಇಲ್ಲದ ಊರಿನಲ್ಲೂ ಅದನ್ನು ಮಾಡುವವರಿದ್ದಾರೆ.

ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರು ಇದ್ದಾರೆ, ಕುರಿ ಅವರ ಬದುಕು. ಹಿಂದೆ ಹಟ್ಟಿಯ ಸುತ್ತ ಮುಳ್ಳಿನ ಬೇಲಿ ಇರುತ್ತಿತ್ತು. ಕಳುವರಹಳ್ಳಿಯ ಜುಂಜಪ್ಪ ಅವರ ದೈವ, ದನ ಕಾಯ್ದ ವೀರ. ಅವನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಜೊತೆಗೆ ಗಣೆ ಊದುತ್ತಾರೆ. ಗಣೆ ಅಂದರೆ ಬಿದಿರಿನ ಉದ್ದನೆಯ ಕೊಳಲು, ಸಾಮಾನ್ಯ ಕೊಳಲಿನ ಹಾಗೆ ಚುರುಕಲ್ಲ, ದನಿ ಸ್ವಲ್ಪ ಗೊಗ್ಗರು. ಮೊದಲ ಸಲ ಕೇಳಿದಾಗ ದೂರದಲ್ಲಿ ಯಾರೋ ಅಳುತ್ತಿದ್ದಾರೆ ಅಂದುಕೊಂಡಿದ್ದೆ.

ಎ ಖಾತೆ, ಬಿ ಖಾತೆ

ಕೊನೆಗೆ ಭಾವನ ಮೊದಲ ಪ್ರಶ್ನೆಗೆ ವಾಪಸ್ ಬಂದೆ.

ಖಾತೆ ಅಂದರೆ ಹಕ್ಕುಪತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಜಾಗ ನಿಮ್ಮದು ಅಂತ ಹೇಳುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ. ಖಾತೆ ಅಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ನಗರಸಭೆ ಬರೆದಿಟ್ಟುಕೊಂಡ ಪುಸ್ತಕದ ಒಂದು ಪುಟ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರು ಇದ್ದ ಹಾಗೆ. ಆ ಪುಟ ಕಂಪ್ಯೂಟರಿಗೆ ಏರಿದರೆ ಇ-ಖಾತೆ. ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಹಾಗಾಗಿ ಅದಕ್ಕೆ ಇಷ್ಟು ಬೆಲೆ.

ಹೊಲ ಸೈಟಾಗಬೇಕಾದರೆ ಎರಡು ಹೊಸ್ತಿಲು ದಾಟಬೇಕು. ಮೊದಲು ಭೂಪರಿವರ್ತನೆ, ಜನರ ಮಾತಿನಲ್ಲಿ ಡಿಸಿ ಕನ್ವರ್ಷನ್. ಆಮೇಲೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ. ರಸ್ತೆ ಎಷ್ಟು ಅಗಲ, ಪಾರ್ಕಿಗೆ ಜಾಗ ಎಲ್ಲಿ, ಚರಂಡಿ ಎತ್ತ ಹೋಗಬೇಕು ಅನ್ನುವುದು ಅಲ್ಲಿ ತೀರ್ಮಾನ ಆಗಬೇಕು. ಎರಡೂ ಆಗಿದ್ದರೆ ಎ ಖಾತೆ. ಇವನ್ನು ಬಿಟ್ಟು ಹೊಲಕ್ಕೆ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು ಮಾರಿದ ಸೈಟುಗಳೂ ಊರೂರಲ್ಲಿ ಇವೆ. ಅಂಥವುಗಳಿಂದ ತೆರಿಗೆ ಬರುತ್ತಿರಲಿಲ್ಲ, ಅಲ್ಲಿ ಮನೆ ಕಟ್ಟಿದವರಿಗೆ ನೀರು, ದೀಪ ಮಾತ್ರ ಬೇಕಿತ್ತು. ಅದಕ್ಕೆ ಸರ್ಕಾರ ಕಾನೂನು ತಿದ್ದಿ, 2025ರ ಫೆಬ್ರುವರಿಯಲ್ಲಿ ಬಿ ಖಾತೆ ಅಭಿಯಾನ ಶುರುಮಾಡಿತು. 2024ರ ಸೆಪ್ಟೆಂಬರ್ 10ಕ್ಕೆ ಮುಂಚೆ ನೋಂದಣಿ ಆದ ಸ್ವತ್ತುಗಳಿಗೆ ಆಗ ಈ ಅವಕಾಶ ಕೊಟ್ಟರು. ಮೊದಲ ವರ್ಷ ದುಪ್ಪಟ್ಟು ತೆರಿಗೆ, ಆಮೇಲೆ ಮಾಮೂಲಿ. ಬಿ ಖಾತೆ ಸಿಕ್ಕಿತು ಅಂದ ಮಾತ್ರಕ್ಕೆ ಬಡಾವಣೆ ಸಕ್ರಮ ಆಯಿತು ಅಂತಲ್ಲ, ತೆರಿಗೆ ಪುಸ್ತಕಕ್ಕೆ ಹೆಸರು ಸೇರಿತು ಅಂತ ಅಷ್ಟೇ.

ಇದೆಲ್ಲ ನಗರಸಭೆ, ಪುರಸಭೆಯ ಗಡಿಯೊಳಗಿನ ಮಾತು. ಗ್ರಾಮ ಪಂಚಾಯ್ತಿಯಲ್ಲಿ ಇದೇ ಕೆಲಸಕ್ಕೆ ಇ-ಸ್ವತ್ತು, ಅಲ್ಲಿ ಕೇಳಬೇಕಾದದ್ದು ನಮೂನೆ 9 ಮತ್ತು ನಮೂನೆ 11. ಭಾವನ ಪೇಪರಿನಲ್ಲಿ ಇವೆರಡೂ ಇರಲಿಲ್ಲ. ಇದ್ದದ್ದು ಪಹಣಿಯ ಜೆರಾಕ್ಸು. ಎಕರೆ ಮತ್ತು ಗುಂಟೆ.

"ಹಾಗಾದರೆ ಇದು ಇನ್ನೂ ಹೊಲ" ಅಂದೆ.

ಭಾವ ಸ್ವಲ್ಪ ಹೊತ್ತು ಸುಮ್ನಿದ್ದರು. ಮುಂದಿನ ಭಾನುವಾರ ತಾವೇ ಬಂದರು. ಕಲ್ಲು ನೆಟ್ಟ ಹೊಲದ ತನಕ ಹೋದೆವು. ಬೈಕಿನಲ್ಲಿ ಹನ್ನೆರಡು ನಿಮಿಷ ಹಿಡಿಯಿತು. ಬದುವಿನ ಮೇಲೆ ಒಂದು ಹುಣಸೆ ಮರ, ಅದರಾಚೆ ಎರಡು ಮನೆ. ಒಂದರ ಮುಂದೆ ಹೆಂಗಸೊಬ್ಬರು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಬ್ರೋಕರ್ ರೈಲಿನ ವಿಷಯ ಹೇಳುತ್ತಲೇ ಇದ್ದ. ಭಾವ ಅವನನ್ನು ಬಿಟ್ಟು ಆ ಮನೆ ಕಡೆ ನಡೆದರು.

"ಅಮ್ಮಾ, ಇಲ್ಲಿ ನೀರು ಎಷ್ಟು ದಿನಕ್ಕೊಂದ್ಸಲ ಬರುತ್ತೆ?"

ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, ಭಾವನ ಬೂಟಿನಿಂದ ತಲೆಯ ತನಕ ಒಂದು ಸಲ ನೋಡಿ, "ಟ್ಯಾಂಕರ್ ಕೇಳ್ತಿದೀರೋ, ನಲ್ಲಿ ಕೇಳ್ತಿದೀರೋ ಸ್ವಾಮಿ?" ಅಂದರು.